ಬಳೆ ಸದ್ದು ಮಾಡದ ಪಾಸ್‌ವರ್ಡ್

ಪಾಸ್‌ವರ್ಡ್ ಒತ್ತುವ ಮೊದಲು ಮೇಡಂ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಬಳೆ ಸದ್ದು ಎಣಿಸಿ ಅದು ಎಷ್ಟಕ್ಷರದ್ದೆಂದು ಯಾರಾದರೂ ತಿಳಿದುಬಿಟ್ಟರೆ! ಅಷ್ಟು ಹೊತ್ತು ಕೋಣೆಯಲ್ಲಿದ್ದವರೆಲ್ಲ ಗೋಡೆ ಕಡೆ ತಿರುಗಬೇಕು, ಮ್ಯಾನೇಜರೂ ಸಹ. ನಾವು ಒತ್ತುವಾಗ ಮೇಡಂ ಕೂಡ ತಿರುಗಿ ನಿಲ್ಲುತ್ತಿದ್ದರು. ಆಗೆಲ್ಲ ನಾನೇನೋ ದೊಡ್ಡ ಮನುಷ್ಯಳು ಅನ್ನಿಸಿಬಿಡುತ್ತಿತ್ತು.

ಎಂಬತ್ತರ ದಶಕದ ಕೊನೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಲೇಜುಗಳ ಪರೀಕ್ಷಾ ಫಲಿತಾಂಶ ಸಿದ್ಧಪಡಿಸುವ ಕಂಪ್ಯೂಟರ್ ಕೇಂದ್ರ. ಬನಶಂಕರಿಯಿಂದ ಬಸ್ಸಿನಲ್ಲಿ ಹೋಗಿ ಅಂಕಗಳನ್ನು ತುಂಬಿಸುವುದು ನನ್ನ ಕೆಲಸ. ಕಂಪ್ಯೂಟರ್ ಕೋಣೆಯ ಪೂರ್ತಿ ಹೊಣೆ ಮೇಡಂ ಅವರದು.

ಅವರೆದುರು ಇಂಗ್ಲಿಷ್ ಅಕ್ಷರ ಉದುರಿಸಿ ಪಾರಾಗುವಂತಿರಲಿಲ್ಲ. ಮೊದಲ ದಿನವೇ ಕೇಳಿದರು, “ಎಸಿಎಲ್ ಅಂದ್ರೇನಮ್ಮ?”

“ಆಕ್ಸೆಸ್ ಕಂಟ್ರೋಲ್ ಲಿಸ್ಟ್, ಮೇಡಂ.”

“ಬಿಡಿಸೋಕೆ ಬಂತು. ಅರ್ಥ?”

ನಾನು ಪೆಚ್ಚಾದೆ. “ಯಾರು ಯಾವ ಫೈಲ್ ಮುಟ್ಟಬಹುದು ಅನ್ನೋ ಪಟ್ಟಿ. ಮನೇಲಿ ನಿಮ್ಮಜ್ಜಿಗೆ ಹೇಳಿ ಅರ್ಥ ಮಾಡಿಸು. ಆಮೇಲೆ ನಿನಗೆ ಲಾಗಿನ್,” ಎಂದರು ಮೇಡಂ. ಅಜ್ಜಿಗೆ ಅರ್ಥವಾಗಲು ಮೂರು ದಿನ ಹಿಡಿಯಿತು. ಮೂರೂ ದಿನ ನಾನು ಕಾಗದಗಳನ್ನು ಜೋಡಿಸುತ್ತ ಕೂತೆ.

ಪ್ರತಿ ಶುಕ್ರವಾರ ಸಂಜೆ ಅವರು ಅಂಕಗಳ ಇನ್ನೊಂದು ಪ್ರತಿಯಿದ್ದ ಬ್ಯಾಕಪ್ ಟೇಪನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು. “ಇಲ್ಲಿ ಬೆಂಕಿ ಬಿದ್ರೆ ಎರಡೂ ಒಟ್ಟಿಗೆ ಸುಡಬಾರ್ದು,” ಅನ್ನುತ್ತಿದ್ದರು. ಬೆನ್ನ ಹಿಂದೆ ನಾವು ನಗುತ್ತಿದ್ದೆವು.

ಆ ವರ್ಷದ ವರಮಹಾಲಕ್ಷ್ಮಿ ಹಬ್ಬದ ಶುಕ್ರವಾರ ರಜೆ ಹಾಕಿದ ನಾನು ಕೆಲಸ ನಿಲ್ಲದಿರಲೆಂದು ಪಕ್ಕದ ಸೀಟಿನ ಗೆಳತಿಗೆ ನನ್ನ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಶನಿವಾರ ನಾವು ಹೋಗುವ ಹೊತ್ತಿಗೆ, ಹಿಂದಿನ ಸಂಜೆ ಟೇಪಿಗೆ ಹೋಗಿದ್ದ ಒಂದು ಕಾಲೇಜಿನ ಫಲಿತಾಂಶ ಕಂಪ್ಯೂಟರಿನಲ್ಲಿ ಇಲ್ಲ. ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ಬರೆದಿಡುವ ಲಾಗ್ ತೆಗೆದರೆ, ಶುಕ್ರವಾರ ಟೇಪು ಹೋದ ಮೇಲೆ ಅಳಿಸಿದ್ದು ನನ್ನ ಐಡಿ!

“ಸೋಮವಾರದಿಂದ ಬರ್ಬೇಡ,” ಎಂದರು ಮ್ಯಾನೇಜರ್. ಅಪ್ಪ ಹಾಸಿಗೆ ಹಿಡಿದಿದ್ದರು, ಮನೆಗೆ ಸಂಬಳ ತರುವವಳು ನಾನೊಬ್ಬಳೇ.

ಮೇಡಂ ಹಾಜರಿ ಪುಸ್ತಕ ತಂದು ಲಾಗ್ ಪಕ್ಕದಲ್ಲಿಟ್ಟರು. “ಲಾಗ್ ಸುಳ್ಳು ಹೇಳಲ್ಲ ಸಾರ್. ಆದ್ರೆ ಅದಕ್ಕೆ ಐಡಿ ಗೊತ್ತು, ಮುಖ ಗೊತ್ತಿಲ್ಲ. ನಿನ್ನೆ ಇವಳು ಬಂದೇ ಇಲ್ಲ.” ನನ್ನ ಕಡೆ ತಿರುಗಿದರು. “ಯಾರಿಗೆ ಕೊಟ್ಟೆ ಅಂತ ಕೇಳಲ್ಲ. ತಪ್ಪು ಕೊಟ್ಟೋಳದ್ದೇ.”

ಕೈತಪ್ಪಿ ಅಳಿಸಿದ್ದು ತಾನೇ ಎಂದು ಗೆಳತಿ ಬಿಕ್ಕಿದಳು. ಮೇಡಂ ಆಟೋ ಹಿಡಿದು ಮನೆಗೆ ಹೋಗಿ ಅದೇ ಚೀಲ ತಂದರು. ಟೇಪಿನ ಮೇಲೆ ಮೆಂತ್ಯ ಸೊಪ್ಪಿನ ಎರಡು ಎಲೆ ಅಂಟಿದ್ದವು. ಊಟದ ಹೊತ್ತಿಗೆ ಅಷ್ಟೂ ಮಕ್ಕಳ ಅಂಕಗಳು ಪರದೆಯ ಮೇಲೆ ಹಸಿರಾಗಿ ಮೂಡಿದವು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು.

“ಮನುಷ್ಯರು ತಪ್ಪು ಮಾಡ್ತಾರೆ ಅಂತಾನೇ ಅಲ್ವಾ ಸಾರ್ ಬ್ಯಾಕಪ್ ಇರೋದು? ಇವಳು ಇನ್ನು ಜನ್ಮದಲ್ಲಿ ಪಾಸ್‌ವರ್ಡ್ ಕೊಡಲ್ಲ. ಇಂಥೋಳನ್ನ ಯಾಕೆ ಕಳಿಸ್ತೀರಿ?” ಎಂದರು. ನನ್ನ ಕೆಲಸ ಉಳಿಯಿತು.

ಮರುವರ್ಷ ಕಾಮಾಲೆಯಾಗಿ ಮೇಡಂ ಹದಿನೈದೇ ದಿನದಲ್ಲಿ ಹೋಗಿಬಿಟ್ಟರು. ಅವರ ಪಾಸ್‌ವರ್ಡ್ ಮ್ಯಾನೇಜರ್ ಬೀರುವಿನಲ್ಲಿ ಅರಗು ಒತ್ತಿದ ಲಕೋಟೆಯೊಳಗಿತ್ತು. ಲಕೋಟೆಯ ಮೇಲೆ ‘ನಾನಿಲ್ಲದಾಗ ಇವಳೊಬ್ಬಳೇ ತೆರೆಯಲಿ’ ಎಂದು ಬರೆದು ನನ್ನ ಹೆಸರು ಹಾಕಿದ್ದರು. ಒಮ್ಮೆ ಚೀಟಿಯಲ್ಲಿ ಗುಟ್ಟು ಹಂಚಿದ್ದವಳ ಹೆಸರು!

ಲಕೋಟೆ ಒಡೆದು ಓದಿಕೊಂಡು, ಅವರ ಕುರ್ಚಿಯಲ್ಲಿ ಕೂತು ನನ್ನ ಬಳೆಗಳನ್ನು ಮೊಣಕೈಗೆ ಏರಿಸಿಕೊಂಡೆ. ಹಿಂದೆ ಕುರ್ಚಿಗಳು ಸರಿದ ಸದ್ದಾಯಿತು. ಮ್ಯಾನೇಜರೂ ಸೇರಿ ಎಲ್ಲರೂ ಗೋಡೆ ಕಡೆ ತಿರುಗಿದ್ದರು. ಹಾಗಾಗಿ ನಾನು ಅತ್ತದ್ದನ್ನು ಯಾರೂ ನೋಡಲಿಲ್ಲ.