ಹಗೇವಿನೊಳಗೆ ಉರಿಯುತ್ತಿದ್ದ ದೀಪ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯ ರಾಗಿ ಇರುತ್ತಿದ್ದದ್ದು ನೆಲದೊಳಗೆ. ಮಳವಳ್ಳಿ ಕಡೆಯ ನಮ್ಮೂರಲ್ಲಿ ಮನೆ ಮುಂದೆಯೇ ಆಳವಾದ ಗುಂಡಿ ತೋಡಿ, ರಾಗಿ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಹಾಕಿ ಮಣ್ಣು ಮೆತ್ತುತ್ತಿದ್ದರು. ಅದೇ ಹಗೇವು. ಬಾಯಿ ಒಬ್ಬರು ಇಳಿಯುವಷ್ಟು, ಒಳಗೆ ಮಾತ್ರ ಕೋಣೆಯಷ್ಟು ಅಗಲ. ಅದರ ಹತ್ತಿರ ಹೋಗಲೂ ನನಗೆ ಭಯ. ನಗಬೇಡಿ ಮಕ್ಕಳೇ, ನೀವಾಗಿದ್ದರೂ ಹೆದರುತ್ತಿದ್ದಿರಿ.

ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಬಾಯಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ನಮಗೆ ಗೊತ್ತಿದ್ದ ಸೆನ್ಸರ್ ಅದೊಂದೇ.

ಒಂದು ದಿನ ಬೆಳಿಗ್ಗೆ ಚಪ್ಪಡಿ ಸರಿಸಿದಾಗ ಹುಳಿ ಹುಳಿಯಾದ ಮುಗ್ಗಲು ವಾಸನೆ ಬಿಸಿಯಾಗಿ ಮುಖಕ್ಕೆ ಬಡಿಯಿತು. ಅಪ್ಪ ದೀಪ ಬಿಟ್ಟ. ಅದು ರಾಗಿ ಗುಡ್ಡೆಯ ಮೇಲೆ ಕೂತು ಚೆನ್ನಾಗಿಯೇ ಉರಿಯಿತು. ಅಪ್ಪ ಕಂಕುಳಿಗೆ ಹಗ್ಗ ಕಟ್ಟಿಕೊಂಡು ಇಳಿದ. ಮೊದಲೇ ರಾಗಿ ತೆಗೆದಿದ್ದ ಕಡೆ, ಗುಡ್ಡೆಯ ಪಕ್ಕದಲ್ಲಿ ತಗ್ಗಾಗಿತ್ತು. ಚೀಲ ತುಂಬಲು ಅಲ್ಲಿ ಬಗ್ಗಿದ. ದೀಪ ಆ ತಗ್ಗಿಗೆ ಹೋಗಿರಲಿಲ್ಲ. ಕೆಟ್ಟ ಗಾಳಿ ಇದ್ದದ್ದು ಅಲ್ಲೇ.

ಒಳಗಿದ್ದವರು ಕರೆದಾಗಲೆಲ್ಲ ಓಗೊಡಬೇಕು, ಅದು ಪದ್ಧತಿ. ಕರೆಯುವ ಕೆಲಸ ಅಕ್ಕನದು.

"ಅಪ್ಪಾ?"

"ಊಂ ಕಣವ್ವ."

ಮತ್ತೆ ಕರೆದಳು. ಉತ್ತರ ಬರಲಿಲ್ಲ. ನಾನು ಬಗ್ಗಿ ನೋಡಿದೆ. ದೀಪ ಉರಿಯುತ್ತಲೇ ಇತ್ತು, ಅಪ್ಪ ಮಾತ್ರ ಮಿಸುಕುತ್ತಿರಲಿಲ್ಲ. ಮೇಲೆ ಹಗ್ಗ ಹಿಡಿದಿದ್ದ ಚಿಕ್ಕಪ್ಪ ಇಳಿಯಲು ಹೊರಟ. ಅಕ್ಕ ಅವನ ಅಂಗಿ ಹಿಡಿದಳು.

"ದೀಪ ಉರೀತಾ ಅದೆ ಕಣವ್ವ, ಬುಡು ನನ್ನ," ಅಂದ ಚಿಕ್ಕಪ್ಪ.

"ದೀಪ ನಂಬ್ಕಂಡೇ ಅಪ್ಪ ಬಿದ್ದಿರಾದು. ನೀನೂ ಇಳೀಬ್ಯಾಡ, ಅಗ್ಗ ಎಳಿ."

ಅವ್ವನೂ ಸೇರಿ ಎಲ್ಲರೂ ಎಳೆದೆವು. ಹಗೇವಿನ ಬಾಯಲ್ಲಿ ಅಪ್ಪನ ಹೆಗಲು ಸಿಕ್ಕಿಕೊಂಡಿತು. ಕೊನೆಗೂ ಹೊರಗೆ ಬಂದ, ತುಟಿ ನೀಲಿ, ತಲೆಯ ತುಂಬ ರಾಗಿ. ಜಗಲಿಯ ಮೇಲೆ ಗಾಳಿಗೆ ಮಲಗಿಸಿದೆವು. ಬಹಳ ಹೊತ್ತಾದ ಮೇಲೆ ಕೆಮ್ಮಿದ. ಅಷ್ಟು ಚೆಂದದ ಕೆಮ್ಮನ್ನು ನಾನು ಮತ್ತೆ ಕೇಳಿಲ್ಲ.

ಈಗ ನಮ್ಮ ಮದ್ದೂರಿನ ಮನೆಯಲ್ಲಿ ರಾಗಿ ಡಬ್ಬದಲ್ಲಿದೆ. ಆದರೆ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿಯಿದೆ, ಅದರೊಳಗೆ ನೀವು ಹೊಗಳುವ ಸೆನ್ಸರ್ ಇದೆ. ಕೆಟ್ಟ ಗಾಳಿಗೆ ಕೆಂಪು ಲೈಟು, ಒಳ್ಳೆಯದಕ್ಕೆ ಹಸಿರು. ಮೊನ್ನೆ ನಿಮ್ಮಪ್ಪ ಗುಂಡಿ ತೊಳೆಯಲು ಏಣಿ ತಂದಾಗ, "ಹಸಿರಿದೆ ಅಜ್ಜಿ, ಹಾಕಿಸಿದಾಗಿನಿಂದ ಒಂದು ಸಲವೂ ಕೆಂಪಾಗಿಲ್ಲ" ಅಂದಿರಿ. ಆ ಮಾತಿಗೇ ನನಗೆ ಅನುಮಾನ ಹುಟ್ಟಿತು. ಸಗಣಿ ಗುಂಡಿಯಲ್ಲಿ ಇಷ್ಟು ವರ್ಷ ಒಂದು ಸಲವೂ ಗಾಳಿ ಕೆಡದೆ ಇರುತ್ತದೆಯೇ? ಹೋಗಿ ಮುಚ್ಚಳದ ಮೇಲೆ ಕೂತುಬಿಟ್ಟೆ. ಅಜ್ಜಿಗೆ ಅರಳು ಮರಳು ಅಂತ ನಕ್ಕಿರಿ. ಸೆನ್ಸರ್ ಹಾಕಿದವನನ್ನು ಕರೆಸುವವರೆಗೂ ನಾನು ಏಳಲಿಲ್ಲ.

ಅವನು ಅದನ್ನು ಹೊರಗೆ ತೆಗೆದು, ಸಣ್ಣ ಸಿಲಿಂಡರಿನಿಂದ ಗ್ಯಾಸನ್ನು ಅದರ ಮೇಲೆಯೇ ಬಿಟ್ಟ. ಹಸಿರು ಹಸಿರಾಗಿಯೇ ಇತ್ತು. ವರ್ಷಗಟ್ಟಲೆ ಆವಿ ಕುಡಿದು ಒಳಗೆ ಎಂದೋ ಕೆಟ್ಟಿದೆ ಅಂದ.

ನಿಮ್ಮಪ್ಪ ಏಣಿ ಕೆಳಗಿಟ್ಟು ನನ್ನ ಪಕ್ಕದಲ್ಲಿ ಬಂದು ಕೂತ. ನೀವು ಯಾರೂ ನಗಲಿಲ್ಲ.