ಯೂ ಬೇಲಿಯ ಹಿಂದಿನ ಕುರ್ಚಿ

ಹೆಸ್ಟರ್ ಪ್ರೀಸ್ ಮದುವೆಯಾಗಿ ಆ ಮನೆಗೆ ಬಂದಾಗ ಮೊದಲು ಮೆಚ್ಚಿದ್ದು ಅಡುಗೆಮನೆಯ ಕಿಟಕಿಯನ್ನು. ಪಾತ್ರೆ ತೊಳೆಯುತ್ತ ನಿಂತರೆ ಇಡೀ ಹಿತ್ತಲು, ಅದರ ಕೊನೆಯಲ್ಲಿ ಚರ್ಚಿನ ಕಲ್ಲುಗೋಡೆ, ಗೋಡೆಯಾಚೆ ಗೋರಿಗಳ ನಡುವೆ ನಿಂತ ಮುದಿ ಯೂ ಮರ, ಎಲ್ಲ ಕಾಣುತ್ತಿತ್ತು. ಕಿಟಕಿಯಿಂದ ಹಿತ್ತಲು ಎಷ್ಟು ಚೆನ್ನಾಗಿ ಕಾಣುತ್ತದೋ ಹಿತ್ತಲಿನಲ್ಲಿದ್ದಾಗ ತಾನೂ ಅಷ್ಟೇ ಚೆನ್ನಾಗಿ ಕಾಣುತ್ತೇನೆ ಎಂದು ತಿಳಿಯಲು ಅವಳಿಗೆ ಒಂದು ವಾರ ಬೇಕಾಯಿತು. ಅತ್ತೆಯ ಕುರ್ಚಿ ಆ ಕಿಟಕಿಯ ಪಕ್ಕದಲ್ಲೇ ಇತ್ತು. ಹೊಲಿಯುವಾಗ ಬೆರಳಿಗೆ ಹಾಕುವ ತಗಡಿನ ಟೊಪ್ಪಿಗೆಯನ್ನು ಮುದುಕಿ ಇಡೀ ದಿನ ಕಳಚುತ್ತಿರಲಿಲ್ಲ. ಅದರಿಂದ ಗಾಜಿನ ಮೇಲೆ ಟಕಟಕ ಬಡಿದಳೆಂದರೆ ಸೊಸೆ ಇದ್ದಲ್ಲಿಂದ ಏಳಬೇಕು.

ಮನೆಯೇನೂ ದೊಡ್ಡದಲ್ಲ. ಕೆಳಗೆರಡು ಕೋಣೆ, ಮೇಲೆರಡು. ಅವಳು ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಬಾಗಿಲು ಹಿತ್ತಲಿನ ಕಕ್ಕಸಿನದು ಮಾತ್ರ, ಅದನ್ನೂ ಮಕ್ಕಳು ತಟ್ಟುತ್ತಿದ್ದರು. ಗಂಡ ವಿಲ್ಫ್‌ಗೆ ಮಾತ್ರ ಒಂದು ಶೆಡ್ ಇತ್ತು. ಸೇಬಿನ ಮದ್ಯ ಮಾಡುವ ಸೈಡರ್ ಕಾರ್ಖಾನೆಯಿಂದ ಬಂದವನು ಊಟ ಮುಗಿಸಿ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಊರಿನಲ್ಲಿ ಗಂಡಸು ಶೆಡ್ಡಿಗೆ ಹೋದರೆ ಯಾಕೆ ಎಂದು ಯಾರೂ ಕೇಳುವುದಿಲ್ಲ. ಬಾಗಿಲು ತಟ್ಟುವುದಿಲ್ಲ. ಮಗು ಬಿದ್ದು ಮಂಡಿ ಒಡೆದುಕೊಂಡರೂ, 'ಅಪ್ಪ ಶೆಡ್ಡಲ್ಲಿದಾರೆ, ಅಮ್ಮನ್ನ ಕರಿ' ಎನ್ನುತ್ತಾರೆ.

ಹೆಸ್ಟರ್‌ಗೆ ಬೇಕಾದದ್ದು ಬಹಳ ಸಣ್ಣದು. ಯಾರ ಕಣ್ಣಿಗೂ ಬೀಳದೆ ಕೂತು ಒಂದು ಕಪ್ ಚಹಾವನ್ನು ಬಿಸಿಯಿರುವಾಗಲೇ ಕುಡಿದು ಮುಗಿಸುವಷ್ಟು ಜಾಗ.

ಗೂಸ್‌ಬೆರಿ ಪೊದೆಗಳ ಬುಡ ಕೆರೆಯುವಾಗ ಅವಳಿಗೆ ಆ ಸಸಿಗಳು ಸಿಕ್ಕವು. ಬೆರಳಿನ ಅರ್ಧದಷ್ಟು ಎತ್ತರ, ಸೂಜಿಯಂಥ ನಾಲ್ಕಾರು ಹಸಿರು ಎಲೆ. ಚಳಿಗಾಲದಲ್ಲಿ ಹಕ್ಕಿಗಳು ಯೂ ಮರದ ಕೆಂಪು ಹಣ್ಣು ತಿಂದು ಬಂದು ಈ ಪೊದೆಗಳ ಮೇಲೆ ಕೂರುತ್ತಿದ್ದವು. ಬೀಜ ಕೆಳಗೆ ಬೀಳುತ್ತಿತ್ತು. ಎರಡು ಚಳಿಗಾಲ ಮಣ್ಣಿನಲ್ಲಿ ಸುಮ್ಮನೆ ಬಿದ್ದಿದ್ದು ಆಮೇಲೆ ತಲೆಯೆತ್ತುವ ಬೀಜ ಅದು. ಅವಳು ಮೊದಲೆಲ್ಲ ಕಿತ್ತೆಸೆಯುತ್ತಿದ್ದಳು. ಆ ದಿನ ಕಿಟಕಿ ಟಕಟಕ ಎಂದಿತು. ತಲೆಯೆತ್ತಿ ಅತ್ತೆಯ ಮುಖ ನೋಡಿದಳು, ಬಗ್ಗಿ ಸಸಿ ನೋಡಿದಳು. ಯೂ ಬೇಲಿ ಬೆಳೆದರೆ ಅದರೊಳಗಿಂದ ಬೆಳಕು ಕೂಡ ನುಸುಳುವುದಿಲ್ಲ ಎಂಬುದು ಆ ಊರಿನಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಅವಳು ಸಸಿಗಳನ್ನು ಮಣ್ಣುಸಮೇತ ಎತ್ತಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಒಡೆದ ಚಹಾ ಕುಡಿಕೆ, ಹಿಡಿ ಹೋದ ಬಟ್ಟಲು, ಪಾಕ ಮುಗಿದ ತಗಡಿನ ಡಬ್ಬಿಗಳಲ್ಲಿ ಸಸಿಗಳು ಕಲ್ಲಿದ್ದಲ ಗೂಡಿನ ಹಿಂದೆ ಸಾಲಾಗಿ ಕೂತವು.

ಅತ್ತೆಗೆ ಗೊತ್ತಾಗದೆ ಇರುತ್ತದೆಯೇ. 'ಹೆಣ ಹೂಳೋ ಜಾಗದ ಮರಾನ ಮನೆಯೊಳಗೆ ತರ್ತಾರಾ ಯಾರಾದ್ರೂ?' ಎಂದಳು. 'ಯಾರ ಸಾವಿಗೆ ಕಾಯ್ತಿದ್ದೀಯ?'

'ಯಾರದ್ದಕ್ಕೂ ಅಲ್ಲ ಅಮ್ಮ. ಇದು ಬೆಳೆಯೋದ್ರಲ್ಲಿ ನಮ್ಮೆಲ್ಲರದೂ ಮುಗಿದಿರತ್ತೆ' ಎಂದಳು ಹೆಸ್ಟರ್.

'ಮಕ್ಕಳು ಬೀಜ ಅಗಿದರೆ ಏನ್ ಗತಿ? ವಿಷ ಅದು' ಎಂದ ವಿಲ್ಫ್.

'ನಿನ್ನ ಶೆಡ್ಡಲ್ಲಿರೋ ಇಲಿ ಪಾಷಾಣಾನ ಬೀಗ ಹಾಕಿಡು ಮೊದಲು. ಹಣ್ಣು ಬಿಡೋ ಹೊತ್ತಿಗೆ ಈ ಮಕ್ಕಳಿಗೇ ಮಕ್ಕಳಾಗಿರ್ತವೆ.'

ಅವನು ನಕ್ಕು ಬಿಟ್ಟುಬಿಟ್ಟ. ಹೆಂಡತಿಯ ಹುಚ್ಚಿಗೆ ಖರ್ಚಿಲ್ಲದಿದ್ದರೆ ಅವನದೇನೂ ತಕರಾರಿರಲಿಲ್ಲ.

ತರಕಾರಿ ಬೇಯಿಸಿದ ನೀರನ್ನು ಆರಿಸಿ ಅವಳು ಸಸಿಗಳಿಗೆ ಹಾಕುತ್ತಿದ್ದಳು. ಹಿಮ ಬಿದ್ದ ರಾತ್ರಿ ಕಳೆದರೆ ಬೆಳಿಗ್ಗೆ ಒಲೆಗೆ ಬೆಂಕಿ ಹಚ್ಚುವ ಮೊದಲೇ ಹೋಗಿ, ಹೆಪ್ಪುಗಟ್ಟಿದ ಮಣ್ಣು ಮೇಲಕ್ಕೆ ದೂಡಿದ ಬೇರುಗಳನ್ನು ಹೆಬ್ಬೆರಳಿಂದ ಒತ್ತಿ ಕೂರಿಸುತ್ತಿದ್ದಳು. ಐದು ವರ್ಷ ಕಳೆದರೂ ಅವು ಮೊಣಕಾಲಿಗೆ ಬರಲಿಲ್ಲ. ಹಿತ್ತಲಿನ ಕೊನೆಯಲ್ಲಿ ಕುದುರೆ ಲಾಳದ ಆಕಾರದಲ್ಲಿ ನೆಟ್ಟಳು. ಲಾಳದ ಬೆನ್ನು ಮನೆಯ ಕಡೆಗೆ, ಬಾಯಿ ಚರ್ಚಿನ ಗೋಡೆಯ ಕಡೆಗೆ. ಒಳಗೆ ಒಂದೇ ಒಂದು ಕುರ್ಚಿ ಹಿಡಿಯುವಷ್ಟು ಜಾಗ ಬಿಟ್ಟಳು. ಎರಡನೆಯ ಕುರ್ಚಿಗೆ ಜಾಗವಿದ್ದರೆ ಯಾರಾದರೂ ಬಂದು ಕೂತು, ಇವತ್ತು ಊಟಕ್ಕೇನು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು.

ಮಾರನೆಯ ವರ್ಷ ಅವಳು ತಂಗಿಯ ಬಾಣಂತನಕ್ಕೆ ಹೋಗಿದ್ದಾಗ ವಿಲ್ಫ್ ಆಲೂಗಡ್ಡೆಗೆ ನೆಲ ಹದಮಾಡುತ್ತ ಅರ್ಧ ಲಾಳವನ್ನು ಅಗೆದುಹಾಕಿದ್ದ. 'ಕಳೆ ಅಂದ್ಕೊಂಡೆ ಕಣೆ' ಎಂದ. ಎರಡು ಸಾಲು ಆಲೂಗಡ್ಡೆ ಹೆಚ್ಚಿಗೆ ಬಂತು. ಹೆಸ್ಟರ್ ಅದರ ಸಿಪ್ಪೆ ಸುಲಿದಳು, ಬೇಯಿಸಿದಳು, ಬಡಿಸಿದಳು. ಆಮೇಲೆ ಮತ್ತೆ ಗೂಸ್‌ಬೆರಿ ಪೊದೆಯ ಬುಡಕ್ಕೆ ಹೋಗಿ ಕೂತು ಸಸಿ ಹುಡುಕಿದಳು.

ಮಕ್ಕಳು ದೊಡ್ಡವರಾಗಿ ಕೆಲಸ ಹಿಡಿದು ಹೊರಟರು. ಅತ್ತೆ ಹಾಸಿಗೆ ಹಿಡಿದಳು. ಅವಳ ಮೈ ಒರೆಸಿ, ಮಲ ಬಳಿದು, ಕೊನೆಗೆ ಕಣ್ಣು ಮುಚ್ಚಿಸಿದ್ದೂ ಹೆಸ್ಟರೇ. ಯೂ ಗಿಡಗಳು ಅಷ್ಟರಲ್ಲಿ ಎದೆಯ ಮಟ್ಟಕ್ಕೆ ಬಂದಿದ್ದವು. ಪ್ರತಿ ಆಗಸ್ಟಿನಲ್ಲಿ ಅವಳು ಕುರಿಯ ಉಣ್ಣೆ ಕತ್ತರಿಸುವ ಹಳೆಯ ಕತ್ತರಿ ಹಿಡಿದು ಅಂಚು ಸವರುತ್ತಿದ್ದಳು. ಡಬ್ಬಿಯಲ್ಲಿದ್ದಾಗ ವಿಲ್ಫ್ ಅವನ್ನು 'ನಿನ್ನ ಕಸ' ಎನ್ನುತ್ತಿದ್ದ. ಎದೆಮಟ್ಟಕ್ಕೆ ಬಂದ ಮೇಲೆ 'ನಮ್ಮ ಬೇಲಿ' ಎಂದ. ಆಳೆತ್ತರ ಬೆಳೆದ ವರ್ಷ, ದಾರಿಹೋಕರು ಬೀದಿ ಬದಿಯ ಗೋಡೆಯ ಮೇಲಿಂದ ಇಣುಕಿ ಹೊಗಳಿದಾಗ, 'ನನ್ನ ಬೇಲಿ, ಬೀಜದಿಂದ ಬೆಳೆಸಿದ್ದು' ಎಂದು ಅವನು ಹೇಳುವುದು ಅವಳ ಕಿವಿಗೆ ಬಿತ್ತು. ಅವಳು ಲಾಳದೊಳಗೇ ಕುರ್ಚಿಯಲ್ಲಿ ಕೂತಿದ್ದಳು. ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ತಾನು ಅಲ್ಲಿ ಇರುವುದು ಗೊತ್ತಾಗಿಬಿಡುತ್ತಿತ್ತು.

ಅದಾದ ಮೇಲೆ ಎರಡು ಬೇಸಿಗೆ ಅವಳಿಗೆ ಸಿಕ್ಕಿತು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಚಹಾ ಹಿಡಿದು ಹೋಗಿ ಕೂರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಹೆಣಿಗೆಯನ್ನೂ ಒಯ್ಯುತ್ತಿರಲಿಲ್ಲ. ರಜೆಯ ದಿನ ವಿಲ್ಫ್ ಕಿಟಕಿಯಿಂದ, 'ಹೆಸ್ಟರ್, ನನ್ನ ಕನ್ನಡಕ ಎಲ್ಲಿ?' ಎಂದು ಕೂಗುತ್ತಿದ್ದ. ಅವನಿಗೆ ಅವಳು ಕಾಣುತ್ತಿರಲಿಲ್ಲವಾದ್ದರಿಂದ ಅಂಗಡಿಗೆ ಹೋಗಿರಬೇಕು ಎಂದುಕೊಂಡು ಸುಮ್ಮನಾಗುತ್ತಿದ್ದ. ಕನ್ನಡಕವನ್ನು ತಾನೇ ಹುಡುಕಿಕೊಳ್ಳುತ್ತಿದ್ದ.

ಅವನು ನಿವೃತ್ತನಾದ ವರ್ಷ ಊರಿನಲ್ಲಿ ತೋಟಗಳ ದಿನ ಶುರುವಾಯಿತು. ಚರ್ಚಿನ ಮಾಡು ಸೋರುತ್ತಿತ್ತು. ಜೂನ್ ತಿಂಗಳ ಒಂದು ಭಾನುವಾರ ಎಲ್ಲರೂ ತಮ್ಮ ಹಿತ್ತಲ ಬಾಗಿಲು ತೆರೆದಿಡುವುದು, ಹೊರಗಿನವರು ಟಿಕೆಟ್ ಕೊಂಡು ಬಂದು ತೋಟ ನೋಡುವುದು, ಬಂದ ಹಣದಲ್ಲಿ ಮಾಡು ರಿಪೇರಿ. ಗಂಡಸರು ತೋಟ ತೋರಿಸುವುದು, ಹೆಂಗಸರು ಚಹಾ ತಿಂಡಿ ಒದಗಿಸುವುದು ಎಂದು ಯಾರೂ ತೀರ್ಮಾನಿಸಲಿಲ್ಲ, ತಾನಾಗಿಯೇ ಆಯಿತು. ಸಮಿತಿಯ ಮಿಸೆಸ್ ಕಾರ್ಬೆಟ್ ಮುನ್ನಾದಿನ ನೋಡಲು ಬಂದಳು.

'ಬೇಲಿ ಸೊಗಸಾಗಿದೆ ಮಿಸ್ಟರ್ ಪ್ರೀಸ್. ಆದ್ರೆ ಹಿಂದೆ ಅಷ್ಟು ಚೆನ್ನಾಗಿರೋ ಚರ್ಚಿನ ಗೋಪುರ ಮರೆಯಾಗಿಬಿಟ್ಟಿದೆಯಲ್ಲ. ನಡುವೆ ಒಂದು ದುಂಡನೆ ಕಿಟಕಿ ಕೊರೆದರೆ ಚಿತ್ರಕ್ಕೆ ಚೌಕಟ್ಟು ಹಾಕಿದ ಹಾಗಿರತ್ತೆ.'

ಹೆಸ್ಟರ್ ಆಗ ಸ್ಕೋನ್ ಬನ್ನುಗಳಿಗೆ ಹಿಟ್ಟು ನಾದುತ್ತಿದ್ದಳು. ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸ್ಯಾಂಡ್‌ವಿಚ್ಚಿನ ಮೊಟ್ಟೆ ಕುದಿಯುತ್ತಿತ್ತು. ಹೊರಗೆ ಯಾವುದೋ ಯಂತ್ರ ಗುಂಯ್ಯೆಂದಿತು. ಪಕ್ಕದ ಮನೆಯವರು ಹುಲ್ಲು ಕತ್ತರಿಸುತ್ತಿರಬೇಕು ಎಂದುಕೊಂಡಳು. ಮೊಟ್ಟೆ ಇಳಿಸಿ, ತಣ್ಣೀರಿಗೆ ಹಾಕಿ, ಕೈ ಒರೆಸಿಕೊಂಡು ತಲೆಯೆತ್ತಿದಾಗ ಬೇಲಿಯ ನಡುವೆ ಬುಟ್ಟಿಯಗಲದ ತೂತು ಬಿದ್ದಿತ್ತು. ತೂತಿನ ಮೇಲ್ಭಾಗದಲ್ಲಿ ಗೋಪುರವೂ ಕೆಳಭಾಗದಲ್ಲಿ ಅವಳ ಕುರ್ಚಿಯ ಬೆನ್ನೂ ಕಾಣುತ್ತಿದ್ದವು.

ಎರವಲು ತಂದ ಯಂತ್ರ ಹಿಡಿದು ವಿಲ್ಫ್ ಬೆವರುತ್ತ ನಿಂತಿದ್ದ. 'ಹೇಗಿದೆ?'

'ನನ್ನ ಕೇಳಬಾರದಿತ್ತಾ?'

'ಕೇಳೋಕೇನಿದೆ? ಬೇಲಿ ಎಲ್ಲೂ ಹೋಗಿಲ್ಲವಲ್ಲ, ಅಲ್ಲೇ ಇದೆ.'

'ನಾನು ಅಲ್ಲಿ ಕೂರ್ತಿದ್ದೆ ವಿಲ್ಫ್.'

'ಈಗಲೂ ಕೂತ್ಕೋ. ಯಾರು ಬೇಡ ಅಂದ್ರು? ಇನ್ನು ಮೇಲೆ ಒಳಗಿಂದಲೇ ಕಾಣ್ತೀಯ. ನನಗೂ ಊರೆಲ್ಲ ಕೂಗೋದು ತಪ್ತು.'

'ಹಾಗಾದ್ರೆ ನಿನ್ನ ಶೆಡ್ಡಿನ ಬಾಗಿಲನ್ನೂ ಕಳಚಿಬಿಡು. ನನಗೂ ನೀನು ಕಾಣ್ತೀಯ.'

ವಿಲ್ಫ್ ನಿಜವಾಗಿಯೂ ಆಶ್ಚರ್ಯಪಟ್ಟ. 'ಶೆಡ್ಡಲ್ಲಿ ನಾನು ಕೆಲಸ ಮಾಡ್ತೀನಲ್ಲೇ.'

'ಏನ್ ಕೆಲಸ?'

'ಏನೋ... ಇರ್ತವೆ' ಎಂದು ಅವನು ಯಂತ್ರದ ವಯರು ಸುತ್ತತೊಡಗಿದ.

ಭಾನುವಾರ ಜನ ಬಂದರು. ತೂತಿನ ಮುಂದೆ ಸಾಲಾಗಿ ನಿಂತು, ಆಹಾ, ಎಂಥ ನೋಟ ಎಂದರು. ಯಾರೋ ಹೆಂಗಸು ಒಳಗೆ ಬಗ್ಗಿ, 'ಅಯ್ಯೋ, ಇಲ್ಲೊಂದು ಪುಟ್ಟ ಕುರ್ಚಿ. ಇಲ್ಲಿ ಯಾರು ಕೂರ್ತಾರೆ?' ಎಂದಳು. 'ನಮ್ಮನೆಯವಳು, ಕೆಲಸ ಕದಿಯೋವಾಗ' ಎಂದ ವಿಲ್ಫ್. ಎಲ್ಲರೂ ನಕ್ಕರು. ತಟ್ಟೆ ಹಿಡಿದು ಸ್ಕೋನ್ ಹಂಚುತ್ತಿದ್ದ ಹೆಸ್ಟರಳನ್ನು ತಿರುಗಿ ನೋಡಿ ಇನ್ನೊಮ್ಮೆ ನಕ್ಕರು. ಜ್ಯಾಮ್ ಮುಗಿದಿದೆ ಎಂದು ಯಾರೋ ಹೇಳಿದರು. ಅವಳು ತರಲು ಹೋದಳು.

ಯೂ ಮರದ ಗುಣ ಅವಳಿಗೆ ಗೊತ್ತು. ಎಷ್ಟು ಹಳೆಯ ಕೊಂಬೆಯನ್ನು ಕಡಿದರೂ ಅದು ಕಡಿದಲ್ಲಿಂದಲೇ ಚಿಗುರುತ್ತದೆ. ಸುಮ್ಮನೆ ಬಿಟ್ಟರೆ ಆರೇಳು ವರ್ಷದಲ್ಲಿ ಆ ತೂತು ಮುಚ್ಚಿಹೋಗುತ್ತಿತ್ತು. ಸುಮ್ಮನೆ ಬಿಡುವವನಾಗಿರಲಿಲ್ಲ ವಿಲ್ಫ್. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಈಗ ಅವನು ಪೇಪರ್ ಹಿಡಿದು ಕೂರುತ್ತಿದ್ದ. ತೂತಿನ ಅಂಚಿನಲ್ಲಿ ಒಂದು ಚಿಗುರು ಕಂಡರೆ ಕತ್ತರಿ ಹಿಡಿದು ಹೋಗುತ್ತಿದ್ದ. ಮೂವತ್ತು ವರ್ಷ ಬೇಲಿ ಸವರುವ ಗೋಜಿಗೆ ಹೋಗದವನಿಗೆ ಈಗ ಅದೊಂದು ಕೆಲಸವಾಗಿತ್ತು. ಹೆಸ್ಟರ್ ಕುರ್ಚಿಯಲ್ಲಿ ಕೂತರೆ ಅವಳ ತಲೆ ಚೌಕಟ್ಟು ಹಾಕಿದ ಹಾಗೆ ಅವನಿಗೆ ಕಾಣುತ್ತಿತ್ತು. 'ಹೆಸ್ಟರ್, ಕೂತಿದ್ದೀಯಲ್ಲ, ಬರ್ತಾ ಎರಡು ಈರುಳ್ಳಿ ಕಿತ್ಕೊಂಡು ಬಾ.' ಕುರ್ಚಿಯನ್ನು ಪಕ್ಕಕ್ಕೆ ಸರಿಸಲು ಒಳಗೆ ಜಾಗವಿರಲಿಲ್ಲ. ಅಷ್ಟು ಇಕ್ಕಟ್ಟಾಗಿ ನೆಟ್ಟವಳು ತಾನೇ.

ಮಾರನೆಯ ವರ್ಷದ ಜುಲೈ ಮೊದಲ ವಾರ ಅವಳು ಕಲ್ಲಿದ್ದಲ ಗೂಡಿನ ಮೊಳೆಯಿಂದ ಸೇಬಿನ ಮರಕ್ಕೆ ಬೇಲಿಯ ಮುಂದೆ ಅಡ್ಡಲಾಗಿ ಒಂದು ಹಗ್ಗ ಬಿಗಿದಳು. ಜೋಡಿ ಹಾಸಿಗೆಯ ದೊಡ್ಡ ಬೆಡ್‌ಶೀಟನ್ನು ಒಗೆದು ಅದರ ಮೇಲೆ ಹರವಿದಳು. ಬೆಡ್‌ಶೀಟಿನ ಹಿಂದೆ ತೂತು, ತೂತಿನ ಹಿಂದೆ ಕುರ್ಚಿ. ಚಹಾ ಹಿಡಿದು ಹೋಗಿ ಕೂತಳು.

ವಿಲ್ಫ್ ಪೇಪರಿನ ಪುಟ ತಿರುಗಿಸಿದ. ಹೆಂಗಸು ಸುಮ್ಮನೆ ಕೂರುವುದಕ್ಕೆ ಕಾರಣ ಬೇಕು, ಬಟ್ಟೆ ಒಗೆಯುವುದಕ್ಕೆ ಯಾರೂ ಕಾರಣ ಕೇಳುವುದಿಲ್ಲ.

ಕೇಳಿದವಳು ಪಕ್ಕದ ಮನೆಯ ಎನಿಡ್ ಒಬ್ಬಳೇ. 'ಇಬ್ಬರೇ ಇರೋ ಮನೇಲಿ ದಿನಾ ಬೆಡ್‌ಶೀಟ್ ಒಗೀತೀಯಲ್ಲ, ಏನ್ ಸಮಾಚಾರ? ಈ ವಯಸ್ಸಲ್ಲಿ ಹೊಸ ಮದುವೆ ಹುರುಪು ಬಂದಿದೆಯಾ?'

'ಹೂಂ ಕಣೆ, ಹಗಲೂ ರಾತ್ರಿ ಬಿಡ್ತಿಲ್ಲ' ಎಂದಳು ಹೆಸ್ಟರ್, ಮುಖದಲ್ಲಿ ನಗುವಿಲ್ಲದೆ. ಎನಿಡ್ ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ತೂತನ್ನೂ ಹಗ್ಗವನ್ನೂ ನೋಡಿ ನಗು ನಿಲ್ಲಿಸಿದಳು. 'ಭುಜ ನೋಯಲ್ವೇನೆ?' ಎಂದು ಮೆಲ್ಲಗೆ ಕೇಳಿದಳು. ಹೆಸ್ಟರ್ ಭುಜ ಹಾರಿಸಲು ಹೋಗಿ, ನೋವಾಗಿ, ಅರ್ಧಕ್ಕೆ ಬಿಟ್ಟಳು.

ಮೋಡ ಕವಿದು ಗಾಳಿಯಿಲ್ಲದ ದಿನ ಒಳ್ಳೆಯದು. ಬಟ್ಟೆ ಬೇಗ ಒಣಗುವುದಿಲ್ಲ, ಭಾರವಾಗಿ ಅಲುಗದೆ ನೇತಾಡುತ್ತದೆ. ಬಿಸಿಲು ಬರಲೆಂದು ಆಕಾಶ ನೋಡುವ ಊರಿನ ಹೆಂಗಸರ ನಡುವೆ ಹೆಸ್ಟರ್ ಒಬ್ಬಳು ಮೋಡ ಬರಲೆಂದು ನೋಡುತ್ತಿದ್ದಳು. ಆದರೆ ಆಗಸ್ಟಿನಲ್ಲಿ ಬಿಸಿಲು ಬಂದೇ ಬಂತು. ಬಿರುಬಿಸಿಲು, ಜೊತೆಗೆ ಗಾಳಿ. ಅವಳು ಕೂತು ಕಪ್ಪನ್ನು ತುಟಿಗೆ ತರುವಷ್ಟರಲ್ಲಿ ಬೆಡ್‌ಶೀಟ್ ಹಗುರವಾಗಿ ಹಾರತೊಡಗಿತು. ಅದು ಎದ್ದಾಗಲೆಲ್ಲ ಕಿಟಕಿ ಕಂಡಿತು, ಕಿಟಕಿಯಲ್ಲಿ ವಿಲ್ಫ್ ಕಂಡ.

'ಒಣಗಿದೆ ಕಣೆ, ತೆಗಿ' ಎಂದು ಅವನು ಕೂಗಿದ. 'ಕೂತೇ ಇದ್ದೀಯಲ್ಲ.'

ಹೆಸ್ಟರ್ ಕಪ್ಪನ್ನು ಹುಲ್ಲಿನ ಮೇಲಿಟ್ಟು ಎದ್ದು ಬಂದಳು. ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿ ಬೆಡ್‌ಶೀಟನ್ನು ತೋಳಿಗೆ ಹಾಕಿಕೊಂಡು ನಲ್ಲಿಯ ಹತ್ತಿರ ಹೋದಳು. ತೊಟ್ಟಿಯಲ್ಲಿ ಮುಳುಗಿಸಿದಳು. ಹಿಂಡಲಿಲ್ಲ. ನೀರು ಸುರಿಸುತ್ತಲೇ ಎತ್ತಿ ತಂದು ಮತ್ತೆ ಹಗ್ಗಕ್ಕೆ ಹರವಿದಳು. ಹಗ್ಗ ಬಾಗಿತು.

'ಏಯ್, ಒಣಗಿತ್ತಲ್ಲೇ ಅದು' ಎಂದ ವಿಲ್ಫ್.

'ಕೊಳೆ ಹೋಗಿರ್ಲಿಲ್ಲ.'

ಅವನು ಪೇಪರಿಗೆ ಮರಳಿದ. ಅವಳು ಒದ್ದೆಯಾದ ತೋಳುಗಳನ್ನು ಏಪ್ರನ್ನಿಗೆ ಒರೆಸಿಕೊಂಡು ಬೇಲಿ ಬಳಸಿ ಹೋಗಿ ಕೂತಳು. ಕಪ್ ಎತ್ತಿಕೊಂಡಳು. ಚಹಾ ಆರಿ, ಮೇಲೆ ಕೆನೆ ಕಟ್ಟಿತ್ತು.