ನಂಜುಂಡಮಾವನಿಗೆ ಸನ್ಮಾನ

ಆಗ ನಮ್ಮ ಸತ್ತೇಗಾಲದಲ್ಲಿ ಎಲೆಕ್ಷನ್ ಬಂತೆಂದರೆ ದೊಡ್ಡವರಿಗಿಂತ ಮೊದಲು ಮಕ್ಕಳಿಗೆ ಜ್ವರ ಏರುತ್ತಿತ್ತು. ಆಲೆಮನೆಗಳಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ ಊರ ತುಂಬ ಹಬ್ಬಿರುವ ದಿನಗಳಲ್ಲೇ ಮೈಕು ಕಟ್ಟಿದ ಜೀಪುಗಳು ಕೊಳ್ಳೇಗಾಲದ ಕಡೆಯಿಂದ ದೂಳೆಬ್ಬಿಸಿಕೊಂಡು ಬರುತ್ತಿದ್ದವು. ನಾವು ಹಿಂದೆ ಓಡಿ, ಅವರು ತೂರಿದ ಕಾಗದದ ಬ್ಯಾಡ್ಜುಗಳನ್ನು ಲಂಗದ ಮಡಿಲಿಗೆ ತುಂಬಿಕೊಳ್ಳುತ್ತಿದ್ದೆವು. ಯಾವ ಪಾರ್ಟಿಯದಾದರೂ ಸರಿ, ಬ್ಯಾಡ್ಜು ಬ್ಯಾಡ್ಜೇ.

ನನಗೆ ಒಂಬತ್ತು ತುಂಬಿದ್ದ ವರ್ಷ ಮಾತ್ರ ಹಾಗಾಗಲಿಲ್ಲ. ಊರು ಎರಡು ಹೋಳಾಯಿತು. ಎದುರು ಮನೆಯ ಪುಟ್ಟಮ್ಮಣ್ಣಿ ಕುಂಟೆಬಿಲ್ಲೆಯ ಗೆರೆಯನ್ನು ಕಾಲಲ್ಲಿ ಅಳಿಸಿ, "ನಿಮ್ಮಪ್ಪ ಆ ಪಾರ್ಟಿಯಂತೆ. ನಿನ್ ಜೊತೆ ಆಡ್ಬ್ಯಾಡ ಅಂದವ್ರೆ" ಎಂದು ಹೇಳಿ ಹೊರಟುಹೋದಳು.

ನಮ್ಮಪ್ಪ ಎತ್ತಿಗೂ ಗದರದ ಮನುಷ್ಯ. ಆದರೆ ಪಾರ್ಟಿಯ ಮಾತು ಬಂದರೆ ಅವನ ದನಿಯೇ ಬೇರೆಯಾಗುತ್ತಿತ್ತು. ಅಂಗಡಿ ಜಗಲಿಯ ಮೇಲೆ ಕೂತು ಎದುರು ಪಾರ್ಟಿಯವರ ತಾಯಿ ತಂದೆಯನ್ನೆಲ್ಲ ಬೀದಿಗೆಳೆಯುತ್ತಿದ್ದ. ಅವರೂ ಹಾಗೇ ಬಯ್ಯುತ್ತಿದ್ದರು. ಸುತ್ತ ನಿಂತವರು ನಗುತ್ತಿದ್ದರು. ಯಾರು ಹೆಚ್ಚು ನಗಿಸುತ್ತಾರೋ ಅವರು ಗೆದ್ದಂತೆ.

ನಮ್ಮ ಮನೆಯಿಂದ ಮೂರನೆಯದು ನಂಜುಂಡಮಾವನ ಮನೆ. ಅವನು ಅವ್ವನ ಚಿಕ್ಕಪ್ಪನ ಮಗ. ಒಡಹುಟ್ಟಿದವರಿಲ್ಲದ ಅವ್ವನಿಗೆ ಅವನೇ ತಮ್ಮ. ಮಿಲಿಟರಿಗೆ ಸೇರಿದ್ದವನು ಚೀನಾದವರ ಜೊತೆ ಯುದ್ಧ ಮುಗಿದ ಮೇಲೆ ಬಲಗೈಯ ನಾಲ್ಕು, ಎಡಗೈಯ ಎರಡು ಬೆರಳುಗಳನ್ನು ಕಳೆದುಕೊಂಡು ಊರಿಗೆ ಬಂದಿದ್ದ. ಗುಂಡು ತಗುಲಿ ಹೋಗಿದ್ದರೆ ಊರಿಗೆ ಅರ್ಥವಾಗುತ್ತಿತ್ತು. ಮಂಜುಗಡ್ಡೆಯ ಚಳಿಗೆ ಬೆರಳು ಕಪ್ಪಾಗಿ ಸತ್ತವು, ಡಾಕ್ಟರು ಕತ್ತರಿಸಿದರು ಎಂದರೆ ಯಾರು ನಂಬುತ್ತಾರೆ? ಒಂದು ಕಂಬಳಿ ಹೊದ್ದರೆ ಚಳಿ ಕಳೆಯುವ ಊರು ನಮ್ಮದು. "ಚಳಿಗೆ ಬೆಳ್ಳು ಉದುರ್ತವೇನ್ಲಾ?" ಎಂದು ಹಿಂದಿನಿಂದ ನಗುತ್ತಿದ್ದರು. ಅವನು ಹೆಣ್ಣುಮಕ್ಕಳ ಜೊತೆ ಜಗಲಿಯಲ್ಲಿ ಕೂತು, ಉಳಿದ ಮೂರು ಬೆರಳಿನ ಎಡಗೈಯಲ್ಲಿ ಕಲ್ಲಾಟ ಆಡಿ ನಮ್ಮನ್ನೇ ಸೋಲಿಸುತ್ತಿದ್ದ.

ಆ ಸಂಜೆ ಎದುರು ಪಾರ್ಟಿಯವರ ಸಭೆ ಶಾಲೆಯ ಬಯಲಿನಲ್ಲಿ ನಡೆಯಿತು. ಅಪ್ಪನ ಕಡೆಯವರು ಗಲಾಟೆ ಮಾಡಲೆಂದೇ ಹಿಂದೆ ನಿಂತಿದ್ದರು. ಅಪ್ಪನ ಪಕ್ಕದ ಮೋಟುಗೋಡೆಯ ಮೇಲೆ ನಾನು ಕೂತಿದ್ದೆ. ಕೊಳ್ಳೇಗಾಲದಿಂದ ಬಂದಿದ್ದ ಮುಖಂಡರು, "ನಿಮ್ಮೂರಿನ ವೀರಯೋಧನಿಗೆ ನಮ್ಮ ಪಕ್ಷದ ಸನ್ಮಾನ" ಎಂದು ಕೂಗಿದರು. ನಂಜುಂಡಮಾವ ವೇದಿಕೆ ಹತ್ತಿದ. ಒಗೆದು ಇಸ್ತ್ರಿ ಹಾಕಿದ ಮಿಲಿಟರಿ ಕೋಟು. ಕ್ರಾಪು ನೀರು ಹಚ್ಚಿ ಬಾಚಿಕೊಂಡಿದ್ದ. ಊರಿಗೆ ಬಂದು ನಾಲ್ಕೈದು ವರ್ಷವಾಗಿತ್ತು. ಆವರೆಗೆ ಅವನನ್ನು ಯಾರೂ ಕರೆದು ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಕರೆದವರು ಯಾವ ಪಾರ್ಟಿಯವರು ಎಂದು ನೋಡದೆ ಹೋಗಿಬಿಟ್ಟಿದ್ದ.

ಚೆಂಡುಹೂವಿನ ಹಾರ ಕೊರಳಿಗೆ ಬಿದ್ದದ್ದೇ ತಡ, ನನ್ನ ಪಕ್ಕದಿಂದ ಅಪ್ಪನ ದನಿ ಎದ್ದಿತು.

"ಗುಂಡು ತಿಂದೋನ್ಗೆ ಆರ ಆಕ್ರಪ್ಪಾ! ಬೆನ್ನು ತೋರ್ಸ್ಕಂಡು ಓಡ್ಬಂದೋನ್ಗೆ ಯಾಕೆ?"

ಬಯಲಿಗೆ ಬಯಲೇ ನಕ್ಕಿತು. ಯಾರೋ ಶಿಳ್ಳೆ ಹೊಡೆದರು. ಇನ್ಯಾರೋ "ಓಟದ ಸಿಪಾಯಿ!" ಎಂದರು. ನಾನೂ ನಕ್ಕೆ. ಅಷ್ಟು ಜನರನ್ನು ನಗಿಸಿದವನು ನನ್ನ ಅಪ್ಪ ಎಂಬ ಹೆಮ್ಮೆಯಿಂದ, ಗೋಡೆಯ ಮೇಲೆ ಎದ್ದು ನಿಂತು ನಕ್ಕೆ.

ನಂಜುಂಡಮಾವ ಆ ದನಿಯನ್ನು ಗುರುತಿಸಿದ. ತಲೆ ಎತ್ತಿ ಇತ್ತ ನೋಡಿದವನಿಗೆ ನಾನು ಕಂಡೆನೆಂದೇ ಈಗಲೂ ಅನ್ನಿಸುತ್ತದೆ. ಆಮೇಲೆ ಹಾರ ತೆಗೆಯಲು ಹೋದ. ಅದು ಕೋಟಿನ ಗುಂಡಿಗೆ ಸಿಕ್ಕಿಕೊಂಡಿತು. ಬೆರಳಿಲ್ಲದ ಕೈಯಲ್ಲಿ ಬಿಡಿಸುತ್ತಾ, ಬಿಡಿಸುತ್ತಾ, ಎಷ್ಟು ಹೊತ್ತು! ವೇದಿಕೆಯ ಮೇಲಿದ್ದ ಒಬ್ಬರೂ ಕೈ ಹಾಕಲಿಲ್ಲ. ಮುಖಂಡರು ಆಗಲೇ ಮೈಕಿನಲ್ಲಿ ಅಪ್ಪನ ಪಾರ್ಟಿಯವರನ್ನು ನಾಯಿ ನರಿ ಎಂದು ಬಯ್ಯುವುದರಲ್ಲಿ ಮುಳುಗಿದ್ದರು. ಕೊನೆಗೆ ಅವನು ಹಾರವನ್ನು ಕುರ್ಚಿಯ ಮೇಲಿಟ್ಟು, ಒಬ್ಬನೇ ಇಳಿದು ಹೋದ.

ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಅವ ಯಾವ ಪಾರ್ಟಿಗೆ ಓಟು ಆಕ್ತಾನೆ ಅಂತ ಯಾವತ್ತಾರ ಕೇಳಿದ್ರಾ? ನನ್ ತಮ್ಮ ಅಂತನೂ ಗೆಪ್ತಿ ಬರ್ನಿಲ್ವಾ?" ಎಂದಳು. ಅಪ್ಪ, "ಸಭೇಲಿ ಬಾಯಿಗ್ ಬಂದದ್ದು ಅಂದೆ. ಅವ್ನೇನು ಮನಸ್ಸಿಗೆ ಆಕ್ಕತಾನ, ಬುಡು" ಎಂದು ಕೈತೊಳೆಯಲು ಹೋದ.

ಮರುದಿನ ಅವ್ವ ಅವರೆಕಾಳು ಸಾರನ್ನು ಕೊಟ್ಟು ನನ್ನನ್ನು ನಂಜುಂಡಮಾವನ ಮನೆಗೆ ಕಳಿಸಿದಳು. ಮಾವ ಜಗಲಿ ಬಿಟ್ಟು ಒಳಗೆ ಗೋಡೆಗೊರಗಿ ಕೂತಿದ್ದ. ಮಕ್ಕಳ ಬುದ್ಧಿ, ಕೇಳಿಯೇಬಿಟ್ಟೆ.

"ಮಾವ, ನೀನು ಓಡ್ಬಂದದ್ದು ದಿಟವಾ?"

ಅವನು ಸಿಟ್ಟಾಗಲಿಲ್ಲ. "ದಿಟ ಕನ ಕೂಸು. ಇಂದಕ್ಕೆ ಬನ್ನಿ ಅಂತ ಆರ್ಡರ್ ಆಯ್ತು, ಬಂದ್ವಿ. ಮೂರು ದಿನ ಮಂಜ್ನಲ್ಲೇ ನಡ್ದ್ವಿ. ಜೊತೆಲಿದ್ದೋನ್ಗೆ ಕಾಲು ಮುರ್ದಿತ್ತು. ಬೆನ್ ಮ್ಯಾಲೆ ಒತ್ಕಂಡಿದ್ದೆ. ಕೈ ಇಂದಕ್ಕೆ ಕೊಟ್ಟು ಅವ್ನ ಇಡ್ಕಬೇಕಲ್ಲ, ಅಂಗಾಗಿ ಕೈಯ ಕೋಟೊಳಗೆ ಇಟ್ಕಳಕ್ ಆಗ್ನಿಲ್ಲ. ಬುಟ್ರೆ ಬಿದ್ದೋಯ್ತಿದ್ದ."

"ಅವ್ನು ಬದುಕುದ್ನಾ?"

"ಬದುಕುದ. ಏನೇನೋ ಏಳ್ತಿದ್ದ ಪಾಪ. ಅವನ ಭಾಷೆ ನಂಗೆ ಬತ್ತಿರ್ನಿಲ್ಲ."

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಮುರಿದ ಮುದ್ದೆ ಅವನ ಕೈಯಲ್ಲೇ ಉಳಿಯಿತು. ಆದರೆ ಎದ್ದು ಮೂರನೆಯ ಮನೆಗೆ ಹೋಗಲಿಲ್ಲ. ಎಲೆಕ್ಷನ್ ಮುಗಿಯಲಿ ಅಂದುಕೊಂಡನೋ, ನಾಳೆ ಹೋಗುತ್ತೇನೆ ಅಂದುಕೊಂಡನೋ ತಿಳಿಯದು. ಅಷ್ಟರಲ್ಲಿ ಊರಿನ ಹುಡುಗರು ಸಭೆಯ ಆ ಮಾತನ್ನು ಹಿಡಿದುಕೊಂಡಿದ್ದರು. ಮಾವ ಬೀದಿಗೆ ಬಂದರೆ ಸಾಕು, "ಓಟದ ಸಿಪಾಯಿ, ಲೆಫ್ಟ್ ರೈಟ್!" ಎಂದು ಹಿಂದೆ ಓಡುತ್ತಿದ್ದರು. ಆ ಚುನಾವಣೆಯಲ್ಲಿ ಯಾರು ಗೆದ್ದರೋ ನನಗೆ ನೆನಪಿಲ್ಲ. ಆ ಕೂಗು ಮಾತ್ರ ಕಿವಿಯಲ್ಲಿದೆ.

ಯುಗಾದಿಗೆ ಮುಂಚೆ ನಂಜುಂಡಮಾವ ಹೆಂಡತಿಯ ತವರು ಹೂಗ್ಯಕ್ಕೆ ಸಂಸಾರ ಎತ್ತಿದ. ಕಾಡಂಚಿನ ಊರು, ಬೇಸಾಯಕ್ಕೆ ಒಂದಷ್ಟು ಹೊಲವಿತ್ತು. ಗಾಡಿಗೆ ಸಾಮಾನು ಏರಿಸುವಾಗ ಅಪ್ಪ ಹೋಗಿ, ಮಾತಾಡದೆ ರಾಗಿ ಮೂಟೆಗೆ ಹೆಗಲು ಕೊಟ್ಟ. ಮಾವ, "ಇರ್ಲಿ ಬುಡಿ ಭಾವ, ನಾನು ಎತ್ಕತೀನಿ" ಎಂದ. ಎಂದಿನ ಮರ್ಯಾದೆಯಲ್ಲೇ ಅಂದ. ಅಪ್ಪ ಕೈ ತೆಗೆದು ಪಕ್ಕಕ್ಕೆ ಸರಿದು ನಿಂತ. ಗಾಡಿ ತಿರುವು ದಾಟುವವರೆಗೂ ಅಲ್ಲೇ ನಿಂತಿದ್ದ. ನಾನು ಅವ್ವನ ಸೀರೆ ಹಿಡಿದು ಅತ್ತೆ.

ಆ ವರ್ಷದ ಗೌರಿಹಬ್ಬಕ್ಕೆ ತಮ್ಮ ಕೊಡುವ ತವರಿನ ಸೀರೆ ಬಾರದು ಎಂದೇ ಅವ್ವ ಅಂದುಕೊಂಡಿದ್ದಳು. ಬಂತು. ಬಸ್ಸಿನ ಕಂಡಕ್ಟರ್ ಕೈಲಿ, ಅರಿಸಿನ ಕುಂಕುಮದ ಪೊಟ್ಟಣದ ಸಮೇತ. ಆಮೇಲೆ ಪ್ರತಿ ವರ್ಷವೂ ಬಂತು. ಮಾವ ಮಾತ್ರ ನಮ್ಮ ಹೊಸಿಲು ತುಳಿಯಲಿಲ್ಲ, ನನ್ನ ಮದುವೆಗೂ ಬರಲಿಲ್ಲ. ಅವ್ವ ಆ ಸೀರೆ ಬಿಡಿಸುವಾಗ ಅಪ್ಪ ಮನೆಯೊಳಗೆ ಕೂರುತ್ತಿರಲಿಲ್ಲ. ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ಗದ್ದೆಯ ಕಡೆ ಹೋಗುತ್ತಿದ್ದ. ಸಭೆಗಳಲ್ಲಿ ಅವನ ದನಿ ಮತ್ತೆ ಯಾರೂ ಕೇಳಲಿಲ್ಲ.

ಆ ಕಾಲ ಒಳ್ಳೆಯದಿತ್ತು ಎಂದು ನಾನು ಹೇಳಲಾರೆ. ಈಗ ರಜಕ್ಕೆ ಬರುವ ಸೈನಿಕನಿಗೆ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲೇ ಹಾರ ಹಾಕುತ್ತಾರೆ, ಫೋಟೊ ತೆಗೆಯುತ್ತಾರೆ. ನೋಡಿದರೆ ಕಣ್ಣು ತುಂಬುತ್ತದೆ. ಅದೇ ಕೈಗಳು ಸಂಜೆಗೆ ಫೋನಿನಲ್ಲಿ, ತಮ್ಮ ಪಾರ್ಟಿಯವನಲ್ಲ ಎಂಬ ಒಂದೇ ಕಾರಣಕ್ಕೆ ಪಕ್ಕದ ಮನೆಯವನ ಮಾನ ತೆಗೆಯುತ್ತವೆ. ಬೈಗುಳ ಅಂದೂ ಇತ್ತು, ಇಂದೂ ಇದೆ. ಆದರೆ ಆಡಿದ ಮಾತನ್ನು ನೆನೆದು, ತಲೆ ತಗ್ಗಿಸಿ ಮನೆಯಿಂದ ಎದ್ದು ಹೋಗುವವರನ್ನು ಮಾತ್ರ ನಾನು ಈಚೆಗೆ ಕಂಡಿಲ್ಲ.